ನಾನು ಹಿಡಿದ ಐವತ್ಮೂರು ಹೆಸರಿನ ಆಸಾಮಿ

"ಗುರುನಾಥ್, ಒಂದು ಸಣ್ಣ ಡ್ಯಾಶ್‌ಬೋರ್ಡ್ ಬೇಕಾಗ್ಯದ. ಭಾಳ ದೊಡ್ಡದೇನೂ ಬ್ಯಾಡ್ರಿ. ಎರಡು ಮೂರು ಚಿತ್ರ, ಒಂದು ಪಟ್ಟಿ, ಹುಡುಕಾಕ ಒಂದು ಜಾಗ, ಅಷ್ಟ. ಗುರುವಾರ ಮಧ್ಯಾಹ್ನ ಮೂರಕ್ಕ ಎಲ್ಲಾರಿಗೂ ತೋರಿಸಿಬಿಡ್ರಿ," ಎಂದು ನಮ್ಮ ಮ್ಯಾನೇಜರ್ ವಸುಂಧರಾ ಮೇಡಂ ಸೋಮವಾರ ಬೆಳಿಗ್ಗೆ ಫೋನಿನಲ್ಲಿ ಹೇಳಿದರು.

ನನಗೆ ನಗು ಬಂತು. ಗುರುವಾರ! ಮೂರು ದಿನ! "ಮೇಡಂ, ಚಹಾ ಕುಡಿಯೋದ್ರಾಗ ಮುಗಿಯೋ ಕೆಲಸಕ್ಕ ಗುರುವಾರದ ತನಕ ಯಾಕ್ರಿ?" ಎಂದುಬಿಟ್ಟೆ. ಮೇಡಂ ರಾಯಚೂರಿನವರು, ಹೈದರಾಬಾದಿನಲ್ಲಿ ಕೂತು ನನ್ನಂಥ ಹದಿನಾಲ್ಕು ಮಂದಿಯನ್ನು ಸಂಭಾಳಿಸುವವರು. ಇಂಥ ಮಾತು ಎಷ್ಟು ಕೇಳಿದ್ದಾರೋ. "ಆತು, ಚಹಾ ಕುಡದ ಮಾಡ್ರಿ. ಆದ್ರ ಒಂದು ಮಾತು. ಅದು ನೋಡೋದಕ್ಕ ಅಷ್ಟ. ಅದರಾಗಿಂದ ಏನೂ ಮುಟ್ಟಾಕ ಬರಬಾರದು," ಎಂದು ಫೋನ್ ಇಟ್ಟರು. ಈ ಕೊನೆಯ ಮಾತನ್ನು ನಾನು ಎಷ್ಟು ಲಕ್ಷ್ಯ ಕೊಟ್ಟು ಕೇಳಿದೆ ಎಂಬುದು ನಿಮಗೇ ತಿಳಿಯುತ್ತದೆ.

ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಬೇಕು. ಶಹಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹೈದರಾಬಾದಿನ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಯಾರಾದರೂ ಒಂದು ಆ್ಯಪ್ ಕಟ್ಟುತ್ತಾರೆ ಎನ್ನಿ. ಒಳಗೆ ಬರುವವರು ಯಾರು, ಖರೆ ಮನುಷ್ಯರೋ ಸುಳ್ಳೋ ಎಂದು ಬಾಗಿಲಲ್ಲಿ ನಿಂತು ಕೇಳಬೇಕಲ್ಲ? ಆ ಬಾಗಿಲನ್ನು ನಾವು ಮಾಡಿಕೊಡುತ್ತೇವೆ. ಫೋನ್ ನಂಬರ್ ಕೊಡಿ, ಒಟಿಪಿ ಬರುತ್ತದೆ, ಆರು ಅಂಕಿ ಹೊಡೆಯಿರಿ, ಒಳಗೆ ಬನ್ನಿ. ಆ್ಯಪ್ ಕಟ್ಟುವ ಡೆವಲಪರ್‌ಗಳೇ ನಮ್ಮ ಗಿರಾಕಿಗಳು. ತಮ್ಮ ಬಾಗಿಲಿಗೆ ಎಷ್ಟು ಮಂದಿ ಬಂದರು, ಎಷ್ಟು ಮಂದಿ ತಪ್ಪು ಒಟಿಪಿ ಹೊಡೆದು ಬಂದ ದಾರಿ ಹಿಡಿದರು ಎಂದು ತಿರುಗಿಸಿ ಮುರುಗಿಸಿ ನೋಡುವ ಆಸೆ ಅವರಿಗೆ. ಅದನ್ನು ತೋರಿಸುವ ಪರದೆಗೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಒಟ್ಟಿನಲ್ಲಿ ನಾನು ಮನುಷ್ಯರ ಗುರುತು ಹಿಡಿಯುವ ತಜ್ಞ. ಹಾಗೆಂದು ನನ್ನ ವಿಸಿಟಿಂಗ್ ಕಾರ್ಡಿನಲ್ಲೇ ಅಚ್ಚಾಗಿದೆ.

ನನ್ನ ಹೆಂಡತಿ ನಾಗರತ್ನ ಸಗರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಆ ಊರ ಹೆಂಗಸರಿಗೆಲ್ಲ ಅವಳು "ಅಕ್ಕೋರು". ಬೇಸಿಗೆ ರಜೆ ಇದ್ದುದರಿಂದ ಮನೆಯಲ್ಲೇ ಇದ್ದಳು. ಆ ಸೋಮವಾರ ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಹೇಳಿದಳು, "ಏನ್ರಿ, ನಮ್ಮ ಸಗರದ ಮಲ್ಲಮ್ಮನ ಮಗಳು ರೇಣುಕಾ ಹತ್ತನೇತ್ತ ಛಲೋ ಪಾಸಾಗ್ಯಾಳ. ಕಲಬುರಗಿ ಕಾಲೇಜಿನ್ಯಾಗ ಸೀಟು ಸಿಕ್ಕದ. ಆದ್ರ ಇರಾಕ ಜಾಗ ಬೇಕಲ್ಲ? ಒಂದು ಫ್ರೀ ಹಾಸ್ಟೆಲ್ ಅದ. ಆ್ಯಪಿನ್ಯಾಗ ಅರ್ಜಿ ಹಾಕಬೇಕು. ಗುರುವಾರ ಸಂಜಿ ಐದಕ್ಕ ಬಂದ್."

"ಹಾಕು ಮತ್ತ, ಯಾರು ಬ್ಯಾಡ ಅಂದಾರ?"

"ಚಾಲೂ ಮಾಡೀನಿ. ಆದಾಯ ಪ್ರಮಾಣಪತ್ರ ಗುರುವಾರ ಮುಂಜಾನಿ ಕೈಗೆ ಬರ್ತದಂತ. ಅವತ್ತ ಮಧ್ಯಾಹ್ನ ಜರಾ ನೀವು ಕೂತು ತುಂಬಿಕೊಡ್ರಿ. ಹಾಸ್ಟೆಲ್ ಸಿಗಲಿಲ್ಲಂದ್ರ ಹುಡುಗಿ ಓದು ಅಲ್ಲಿಗೇ ಮುಗೀತು. ಅವ್ವನ ಜೋಡಿ ಮಂದಿ ಹೊಲ್ದಾಗ ಕಳೆ ತಗ್ಯಾಕ ಹೋಗ್ತಾಳ."

"ಗುರುವಾರ ಮಧ್ಯಾಹ್ನ ನಂದು ಡೆಮೊ ಅದ! ಹದಿನಾಲ್ಕು ಮಂದಿ ನೋಡಾಕ ಬರ್ತಾರ! ಒಂದು ಅರ್ಜಿ ತುಂಬೋದು ಏನು ದೊಡ್ಡ ಮಾತು? ನೀನ ತುಂಬು."

"ಆತು ಬಿಡ್ರಿ, ನಾನ ತುಂಬತೀನಿ," ಎಂದಳು. ಈ "ಆತು ಬಿಡ್ರಿ"ಯಲ್ಲಿ ಎಷ್ಟು ಸಿಟ್ಟು ಇರುತ್ತದೆ ಎಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ. ನಾನು ಮಜ್ಜಿಗೆ ಕುಡಿದು ಎದ್ದು ಬಂದೆ.

ಡ್ಯಾಶ್‌ಬೋರ್ಡಿನ ಮಹಾಕಾರ್ಯ ಶುರುವಾಯಿತು. ಮೊದಲು ಒಂದು ದುಂಡನೆಯ ಚಿತ್ರ ಮಾಡಿದೆ. ಯಾವ ಆ್ಯಪಿಗೆ ಎಷ್ಟು ಜನ ಎಂದು ಬಣ್ಣಬಣ್ಣದ ಹೋಳುಗಳಲ್ಲಿ ತೋರಿಸಬೇಕಿತ್ತು. ನನ್ನ ಲೆಕ್ಕದಲ್ಲಿ ಎಲ್ಲೋ ಎಡವಟ್ಟಾಗಿ ಇಡೀ ದುಂಡು ಒಂದೇ ಹೋಳಾಯಿತು, ಒಂದೇ ಬಣ್ಣ, ಅದೂ ಬಿಳಿ. ಹಿಂದೆ ಬಂದು ನಿಂತ ನಾಗರತ್ನ ಸ್ವಲ್ಪ ಹೊತ್ತು ನೋಡಿ, "ರೊಟ್ಟಿ ಛಲೋ ಬಂದದ. ಸುಡೋದು ಯಾವಾಗ?" ಎಂದಳು.

ಮಂಗಳವಾರ ಭೂಪಟಕ್ಕೆ ಕೈಹಾಕಿದೆ. ಜನ ಯಾವ ಊರಿಂದ ಲಾಗಿನ್ ಆಗುತ್ತಾರೆ ಎಂದು ಚುಕ್ಕಿಗಳಲ್ಲಿ ತೋರಿಸುವುದು. ಚುಕ್ಕಿಗಳು ಬಂದವು, ಸಾವಿರಾರು! ಆದರೆ ಶಹಾಪುರ, ಸುರಪುರ, ಯಾದಗಿರಿಯ ಸಮಸ್ತ ನಾಗರಿಕರು ಉತ್ತರ ಧ್ರುವದ ಪಕ್ಕ, ಹಿಮಕರಡಿಗಳು ವಾಸಿಸುವ ಒಂದು ದ್ವೀಪದ ಮೇಲೆ ಹೋಗಿ ನಿಂತಿದ್ದರು! ಅಕ್ಷಾಂಶದ ಜಾಗದಲ್ಲಿ ರೇಖಾಂಶ, ರೇಖಾಂಶದ ಜಾಗದಲ್ಲಿ ಅಕ್ಷಾಂಶ ಹಾಕಿಬಿಟ್ಟಿದ್ದೆ. ಹೊರಗೆ ಮೇ ತಿಂಗಳ ಬಿಸಿಲು ಬೆಂಕಿ ಸುರಿಯುತ್ತಿತ್ತು. ನಾಗರತ್ನ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಹಂಗ ಇರ್ಲಿ ಬಿಡ್ರಿ, ಮಂದಿ ಎರಡು ದಿನ ತಣ್ಣಗ ಇದ್ದು ಬರ್ಲಿ," ಎಂದಳು. ನಾನು ಎಲ್ಲರನ್ನೂ ಬಿಸಿಲಿಗೆ ವಾಪಸು ಕರೆತಂದೆ.

ಬುಧವಾರ ಪಟ್ಟಿ ಮಾಡುವಾಗ ಪಕ್ಕದ ಮನೆಯ ಶಿವಶರಣಪ್ಪ ಕಾಕಾ ಬಂದರು. ಸರ್ಕಾರಿ ಗುಮಾಸ್ತರಾಗಿ ನಿವೃತ್ತರಾದವರು. ಲೋಕದಲ್ಲಿ ಅರ್ಧ ಜನ ಬೋಗಸ್ ಎಂದು ಅವರ ದೃಢವಾದ ನಂಬಿಕೆ, ಉಳಿದರ್ಧ ಇನ್ನೂ ಸಿಕ್ಕಿಬಿದ್ದಿಲ್ಲ ಅಷ್ಟೇ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಮೂಗಿನ ಮೇಲೆ ಚಾಳೀಸು ಏರಿಸಿ ಪರದೆ ನೋಡತೊಡಗಿದರು.

ನಮ್ಮ ಕಂಪನಿಯ ನಿಯಮ ಬಹಳ ಬಿಗಿ. ಯಾರ ಹೆಸರೂ ನಮಗೆ ಕಾಣುವುದಿಲ್ಲ. ಪೂರ್ತಿ ನಂಬರೂ ಕಾಣುವುದಿಲ್ಲ, ಕೊನೆಯ ಎರಡು ಅಂಕಿ ಮಾತ್ರ. ಒಂದೊಂದು ನಂಬರಿನ ಮೇಲೆ ಎಷ್ಟು ಖಾತೆ ಇವೆ ಎಂದು ನಾನು ಪಟ್ಟಿ ಇಳಿಸಿದೆ. ಎಲ್ಲರಿಗೂ ಒಂದು, ಎರಡು, ಹೆಚ್ಚೆಂದರೆ ನಾಲ್ಕು. ಆದರೆ ಪಟ್ಟಿಯ ತಲೆಯ ಮೇಲೆ ಒಂದು ನಂಬರ್ ಕೂತಿತ್ತು. ಕೊನೆಯ ಎರಡು ಅಂಕಿ ನಲವತ್ತೇಳು. ಊರು ಶಹಾಪುರದ ಸುತ್ತಮುತ್ತ. ಖಾತೆಗಳು ಐವತ್ಮೂರು!

"ಬೋಗಸ್!" ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. "ಗುರು, ಖರೇ ಹೇಳ್ತೀನಿ, ಇದು ನೂರಕ್ಕ ನೂರು ಬೋಗಸ್! ಒಬ್ಬಾವ ಐವತ್ಮೂರು ಹೆಸರು ಇಟಗೊಂಡು ಕುಂತಾನ! ಹಿಡಿ ಅವನ್ನ!"

ನನ್ನೊಳಗಿನ ಪತ್ತೇದಾರ ಎಚ್ಚೆತ್ತ. ಆ ಆಸಾಮಿ ಯಾವ ಹೊತ್ತಿನಲ್ಲಿ ಲಾಗಿನ್ ಆಗುತ್ತಾನೆ ಎಂದು ಇಬ್ಬರೂ ಸೇರಿ ನೋಡಿದೆವು. ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ನಾಲ್ಕೂವರೆಯವರೆಗೆ ಒಂದೂ ಇಲ್ಲ. ಐದು ಹೊಡೆದರೆ ಶುರು. ಶನಿವಾರ ಮಧ್ಯಾಹ್ನದಿಂದಲೇ ಶುರು. ಭಾನುವಾರ ಇಡೀ ದಿನ.

"ತಿಳೀತೇನು?" ಕಾಕಾ ದನಿ ತಗ್ಗಿಸಿದರು. "ಹಗಲೆಲ್ಲಾ ಯಾವುದೋ ನೌಕರಿ ಮಾಡ್ತಾನ. ಸಂಜಿಗೆ ಈ ಧಂದಾ. ಭಾಳ ಪಕ್ಕಾ ಮನಷ್ಯಾ!"

"ಆದ್ರ ಕಾಕಾ, ಏಪ್ರಿಲ್‌ದಿಂದ ಹಗಲೊತ್ತೂ ಚಾಲೂ ಅದ ನೋಡ್ರಿ."

ಕಾಕಾ ಗದ್ದ ಕೆರೆದುಕೊಂಡರು. "ನೌಕರಿಯಿಂದ ತೆಗೆದಿರಬೇಕು."

ನಾನು ತಲೆದೂಗಿದೆ. ಇಷ್ಟು ಸ್ಪಷ್ಟವಾದ ತನಿಖೆ ನಮ್ಮ ಜಿಲ್ಲೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ ಎಂದು ಆಗ ನನಗೆ ಅನಿಸಿತ್ತು. ಅಷ್ಟರಲ್ಲಿ ನಾಗರತ್ನ ಚಹಾ ತಂದಳು. "ಯಾರನ್ನ ಹಿಡ್ಯಾಕತ್ತೀರಿ ಇಬ್ಬರೂ ಕೂಡಿ?"

"ಒಬ್ಬ ಭಾರೀ ಕಳ್ಳ ಸಿಕ್ಕಾನ. ನಮ್ಮ ಏರಿಯಾದಾವನ!"

"ಹೌದೇನು? ಜಲ್ದಿ ಹಿಡೀರಿ ಹಂಗಾರ. ಚಹಾ ಆರತದ," ಎಂದು ಕಪ್ಪುಬಸಿಗಳನ್ನಿಟ್ಟು ಹೋದಳು.

ಬರೀ ನೋಡುವ ಡ್ಯಾಶ್‌ಬೋರ್ಡ್ ಈಗ ನನಗೆ ಸಾಲದಾಯಿತು. ಕಳ್ಳನನ್ನು ಬರೀ ನೋಡುತ್ತ ಕೂಡುವುದೇ? ಪಟ್ಟಿಯ ಪಕ್ಕ ಒಂದು ಕೆಂಪು ಗುಂಡಿ ಇಟ್ಟೆ. ಅದರ ಮೇಲೆ "ತಡೆ" ಎಂದು ಬರೆದೆ. ಒತ್ತಿದರೆ ಆ ನಂಬರಿಗೆ ಯಾವ ಆ್ಯಪಿನಿಂದಲೂ ಒಟಿಪಿ ಹೋಗದು. ಕಳ್ಳ ಕೂಡಲೇ ಎಚ್ಚರಾಗಬಾರದೆಂದು ಮೊದಲ ನಾಲ್ಕು ಸಲ ಏನೂ ಹೇಳದೆ ಸತಾಯಿಸಿ, ಐದನೇ ಸಲ ಒಂದು ನೋಟಿಸು ತೋರಿಸುವಂತೆ ಮಾಡಿದೆ. ನೋಟಿಸನ್ನು ಕಾಕಾ ಹೇಳಿ ಬರೆಸಿದರು: "ಮಾನ್ಯರೇ, ತಮ್ಮ ದೂರವಾಣಿ ಸಂಖ್ಯೆಯು ಅನುಮಾನಾಸ್ಪದ ಚಟುವಟಿಕೆಗಳಲ್ಲಿ ತೊಡಗಿರುವುದು ಗಮನಕ್ಕೆ ಬಂದಿರುವುದರಿಂದ ಸದರಿ ಸಂಖ್ಯೆಯನ್ನು ಈ ಕೂಡಲೇ ತಡೆಹಿಡಿಯಲಾಗಿದೆ. ತಾವು ಯಾರೆಂಬುದು ನಮಗೆ ಚೆನ್ನಾಗಿ ಗೊತ್ತಿದೆ."

ತಡೆ ತೆಗೆಯುವುದಕ್ಕೂ ಒಂದು ದಾರಿ ಇಟ್ಟೆ. ಯಾರೋ ಬಂದು ಸುಮ್ಮನೆ ತೆಗೆದುಬಿಡಬಾರದಲ್ಲ? ಆದ್ದರಿಂದ ತಡೆ ತೆಗೆಯಬೇಕಾದರೆ ಆ ನಂಬರಿಗೇ ಒಂದು ಒಟಿಪಿ ಹೋಗಬೇಕು, ಅದನ್ನು ಹೊಡೆಯಬೇಕು. ಎಂಥ ಭದ್ರತೆ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ಎರಡೂವರೆಗೆ ಮಲ್ಲಮ್ಮ, ರೇಣುಕಾ ಸಗರದಿಂದ ಬಸ್ಸಿನಲ್ಲಿ ಬಂದರು. ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಅವತ್ತೇ ಕೈಗೆ ಸಿಕ್ಕ ಪ್ರಮಾಣಪತ್ರ. ಅದನ್ನು ಅವಳು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ನಾಗರತ್ನ ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ ನೀರು ಕೊಟ್ಟಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೆಳಗೆ ಲುಂಗಿಯಲ್ಲೇ ಇದ್ದು, ಕೋಣೆಯ ಬಾಗಿಲು ಹಾಕಿಕೊಂಡೆ. ಕಾಕಾ ಕ್ಯಾಮೆರಾಕ್ಕೆ ಕಾಣದಂತೆ ಮೂಲೆಯಲ್ಲಿ ಕೂತರು.

ಡೆಮೊ ಎಂದರೆ ಅದು ಡೆಮೊ! ದುಂಡನೆಯ ಚಿತ್ರ ಹೋಳುಹೋಳಾಗಿ ಹೊಳೆಯಿತು. ಚುಕ್ಕಿಗಳು ತಂತಮ್ಮ ಊರಲ್ಲಿ ನಿಂತವು. ಕೊನೆಗೆ ನಾನು ಗಂಟಲು ಸರಿಮಾಡಿಕೊಂಡು ಆ ನಲವತ್ತೇಳನ್ನು ತೋರಿಸಿದೆ. ಹತ್ತರಿಂದ ನಾಲ್ಕೂವರೆಯ ಕಥೆ ಹೇಳಿದೆ. ನೌಕರಿ ಹೋದ ಕಥೆಯನ್ನೂ ಹೇಳಿದೆ. ಹದಿನಾಲ್ಕು ಮುಖಗಳು ಪರದೆಗೆ ಹತ್ತಿರ ಬಂದವು.

"ಈಗ ನೋಡ್ರಿ!" ಎಂದು ಕೆಂಪು ಗುಂಡಿ ಒತ್ತಿದೆ.

"ಗುರುನಾಥ್, ಇದು ಟೆಸ್ಟಿಂಗ್‌ದ್ದು ಅಲ್ಲೇನ್ರಿ?" ಮೇಡಂ ಕೇಳಿದರು.

"ಟೆಸ್ಟಿಂಗ್ ಯಾಕ್ರಿ ಮೇಡಂ? ಖರೇದ!"

ಮೇಡಂ ಮುಖದಲ್ಲಿ ಒಂದು ನೆರಳು ಹಾದುಹೋಯಿತು. ಆದರೆ ಉಳಿದವರು ಚಪ್ಪಾಳೆ ಹೊಡೆದಿದ್ದರಿಂದ ಅವರ ಮಾತು ಮುಳುಗಿತು. ಮೂಲೆಯಲ್ಲಿ ಕಾಕಾ ಸದ್ದಿಲ್ಲದೆ ಮುಷ್ಟಿ ಎತ್ತಿದರು.

ಅಷ್ಟರಲ್ಲಿ ಬಾಗಿಲು ತೆರೆದು ನಾಗರತ್ನ ಇಣುಕಿದಳು. "ಏನ್ರಿ, ಒಟಿಪಿ ಬರವಲ್ದು."

ನಾನು ಕೈಸನ್ನೆಯಲ್ಲಿ ಹೋಗು ಹೋಗು ಎಂದೆ. ಅವಳು ನೆಟ್‌ವರ್ಕ್ ಇಲ್ಲವೆಂದುಕೊಂಡು ಮಾಳಿಗೆ ಹತ್ತಿದಳು. ಮಲ್ಲಮ್ಮನೂ ರೇಣುಕಾಳೂ ಹಿಂದೆ ಹತ್ತಿದರು. ನನ್ನ ತಲೆಯ ಮೇಲೆ ಮೂವರು ಹೆಂಗಸರು ಬಿಸಿಲಲ್ಲಿ ಫೋನನ್ನು ಮೂಡಲಕ್ಕೂ ಪಡುವಲಕ್ಕೂ ಎತ್ತಿ ಹಿಡಿದು ಓಡಾಡುತ್ತಿದ್ದರು, ಕೆಳಗೆ ನಾನು ಶಭಾಷ್‌ಗಿರಿ ತೆಗೆದುಕೊಳ್ಳುತ್ತಿದ್ದೆ.

ಡೆಮೊ ಮುಗಿಸಿ ಮಾಳಿಗೆಗೆ ಹೋದಾಗ ಗಂಟೆ ಮೂರು ಮುಕ್ಕಾಲು. ಗೆದ್ದು ಬಂದವನ ಗತ್ತು ನನ್ನದು. "ಏನಾತು? ಬರ್ರಿ ಇಲ್ಲೆ. ಒಟಿಪಿ ಅಂದ್ರ ನನ್ನ ಕೆಲಸ."

"ಮೂರು ಸಲ ಒತ್ತೀನಿ, ಬರವಲ್ದು," ಎಂದಳು ನಾಗರತ್ನ.

"ಸಿಮ್ ಸರಿಯಾಗಿ ಕುಂತಿರಂಗಿಲ್ಲ, ಅಷ್ಟ. ಪಿನ್ನು ಕೊಡು."

ಪಿನ್ನು ಚುಚ್ಚಿದೆ. ಸಿಮ್ ಟಣ್ಣನೆ ಹಾರಿತು. ಹಾರಿ ಎಲ್ಲಿ ಬಿತ್ತು ಅಂತೀರಿ? ಮಾಳಿಗೆಯ ಮೇಲೆ ವರ್ಷಕ್ಕಾಗುವಷ್ಟು ಜೋಳ ಬಿಸಿಲಿಗೆ ಹರವಿತ್ತು. ಅದರ ನಡುವೆ!

ನಾಗರತ್ನ ನನ್ನ ಮುಖ ನೋಡಿದಳು. ಆ ನೋಟವನ್ನು ವರ್ಣಿಸುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ನಾನು ಮೊಣಕಾಲೂರಿ ಜೋಳದಲ್ಲಿ ಕೈಯಾಡಿಸತೊಡಗಿದೆ. ಕೈಯಾಡಿಸಿದಷ್ಟೂ ಸಿಮ್ ಆಳಕ್ಕೆ ಇಳಿಯಿತು.

"ಸರೀರಿ ಸರ್ರ," ಎಂದಳು ಮಲ್ಲಮ್ಮ. ಮೂಲೆಯಲ್ಲಿದ್ದ ಮೊರ ತೆಗೆದುಕೊಂಡು, ಜೋಳವನ್ನು ಬೊಗಸೆ ಬೊಗಸೆಯಾಗಿ ಹಾಕಿ ಕೇರಿದಳು. ಹುಟ್ಟಿದಾಗಿನಿಂದ ಕಾಳಿನಲ್ಲಿ ಹರಳು ಆರಿಸಿದ ಕೈ ಅದು. ಆದರೂ ಹತ್ತಿಪ್ಪತ್ತು ನಿಮಿಷ ಹಿಡಿಯಿತು. "ಇದೇನ್ರಿ?" ಎಂದು ಬೆರಳ ತುದಿಯಲ್ಲಿ ಸಿಮ್ ಹಿಡಿದು ತೋರಿಸಿದಾಗ ಅವಳ ಹಣೆಯ ಬೆವರು ಗಲ್ಲಕ್ಕೆ ಇಳಿದಿತ್ತು.

ಸಿಮ್ ಹಾಕಿದೆವು. ನಾಗರತ್ನ ನಾಲ್ಕನೇ ಸಲ ಒತ್ತಿದಳು. ಬರಲಿಲ್ಲ. ಐದನೇ ಸಲ ಒತ್ತಿದಳು. ಪರದೆಯ ಮೇಲೆ ಏನೋ ಬಂತು.

"ಬಂತು, ಬಂತು!" ಎಂದು ರೇಣುಕಾ ಕುಣಿದಳು.

ನಾಗರತ್ನ ಗಟ್ಟಿಯಾಗಿ ಓದಿದಳು. "ಮಾನ್ಯರೇ, ತಮ್ಮ ದೂರವಾಣಿ ಸಂಖ್ಯೆಯು ಅನುಮಾನಾಸ್ಪದ ಚಟುವಟಿಕೆಗಳಲ್ಲಿ ತೊಡಗಿರುವುದು…" ಓದು ನಿಲ್ಲಿಸಿದಳು. "ಯಾವ ಪುಣ್ಯಾತ್ಮ ಬರದಾನ್ರಿ ಇದನ್ನ? ನಾವು ಯಾರಂತ ಚೆನ್ನಾಗಿ ಗೊತ್ತದಂತ ಇವಂಗ!"

ನನ್ನ ಕಾಲುಗಳು ಮಾಳಿಗೆಗೆ ಅಂಟಿಕೊಂಡವು. ಬಿಸಿಲಿಗಲ್ಲ. ನೋಟಿಸಿನ ಭಾಷೆಯ ಗುರುತು ಸಿಕ್ಕಿತು! ಆ ಹಾಸ್ಟೆಲ್ ಆ್ಯಪಿನ ಬಾಗಿಲೂ ನಮ್ಮ ಕಂಪನಿಯದೇ. ಮೆಲ್ಲಗೆ ಕೇಳಿದೆ, "ನಾಗರತ್ನಾ… ನಿನ್ನ ನಂಬರಿನ ಕೊನೀಗೆ ಎಷ್ಟು?"

"ಏನಂದ್ರಿ?"

"ಕೊನೇದು ಎರಡು ಅಂಕಿ."

"ನಲವತ್ತೇಳು. ಯಾಕ?"

ಇಲ್ಲಿ ಓದುಗರು ನನ್ನನ್ನು ಒಂದು ಪ್ರಶ್ನೆ ಕೇಳುತ್ತೀರಿ. ಕಟ್ಟಿಕೊಂಡ ಹೆಂಡತಿಯ ನಂಬರ್ ಗೊತ್ತಿರಲಿಲ್ಲವೇ ಮಾರಾಯ? ಇರಲಿಲ್ಲ. ನನ್ನ ಫೋನಿನಲ್ಲಿ ಅವಳ ಹೆಸರು "ಮನಿ" ಎಂದಿದೆ. "ಮನಿ" ಒತ್ತಿದರೆ ಅವಳು ಎತ್ತುತ್ತಾಳೆ. ಹದಿಮೂರು ವರ್ಷದಲ್ಲಿ ಅದಕ್ಕಿಂತ ಹೆಚ್ಚು ತಿಳಿಯುವ ಅಗತ್ಯವೇ ಬಿದ್ದಿರಲಿಲ್ಲ.

ಬೇರೆ ದಾರಿ ಇರಲಿಲ್ಲ, ಎಲ್ಲ ಹೇಳಿದೆ. ಕೆಂಪು ಗುಂಡಿ ಹೇಳಿದೆ. ಚಪ್ಪಾಳೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. "ಐವತ್ಮೂರು ಖಾತೆ ಯಾರ್ಯಾರವು ಮತ್ತ?" ಎಂದು ನಾನೇ ಕೇಳಿದೆ.

"ನಮ್ಮ ಸಗರದ ಹೆಣ್ಣಮಕ್ಕಳವು. ಒಬ್ಬಾಕಿ ಕಡೆ ಫೋನಿಲ್ಲ. ಒಬ್ಬಾಕಿ ಗಂಡ ತಿಂಗಳಿಗೊಂದು ಸಿಮ್ ಬದಲಿ ಮಾಡ್ತಾನ. ರೇಷನ್ನು, ಸ್ಕಾಲರ್‌ಶಿಪ್ಪು, ಗ್ಯಾಸು, ಎಲ್ಲಾಕ್ಕೂ ಒಟಿಪಿ ಬೇಕು. ನನ್ನ ನಂಬರ್ ಕೊಡ್ತಾರ. ಸಾಲಿ ಬಿಟ್ಟ ಮ್ಯಾಲ ಅಲ್ಲೇ ಬರ್ತಾರ, ರಜಾ ಇದ್ರ ಯಾರದಾದ್ರೂ ಫೋನಿಂದ ಕೇಳ್ತಾರ, ನಾನು ಓದಿ ಹೇಳ್ತೀನಿ. ಅದರಾಗ ಏನು ಕಳ್ಳತನ?" ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಕಾರ ತಲೆ ಕಾಣಿಸಿತು. "ಮತ್ತ ಐವತ್ಮೂರರಾಗ ಒಂದು ಕಾಕಾರದೂ ಅದ. ಕರೆಂಟ್ ಬಿಲ್ಲಿಂದು. ಕೇಳ್ರಿ."

ಕಾಕಾರಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಬಂದ ವೇಗದಲ್ಲೇ ಇಳಿದು ಹೋದರು.

ಗಂಟೆ ನಾಲ್ಕು ಇಪ್ಪತ್ತು. ನಾನು ಕೋಣೆಗೆ ಓಡಿದೆ. ತಡೆ ತೆಗೆಯಲು ಹೋದರೆ ನನ್ನದೇ ಯಂತ್ರ ಕೇಳಿತು: ಸದರಿ ಸಂಖ್ಯೆಗೆ ಕಳಿಸಿದ ಒಟಿಪಿ ನಮೂದಿಸಿ. ಸದರಿ ಸಂಖ್ಯೆಗೆ ಒಟಿಪಿ ಹೋಗದಂತೆ ತಡೆದಿರುವುದೇ ನಾನು! ಒಟಿಪಿ ಹೋಗಬೇಕಾದರೆ ತಡೆ ತೆಗೆಯಬೇಕು, ತಡೆ ತೆಗೆಯಬೇಕಾದರೆ ಒಟಿಪಿ ಹೋಗಬೇಕು. ಎರಡು ಸಲ ಪ್ರದಕ್ಷಿಣೆ ಹಾಕಿ ತಲೆ ಹಿಡಿದು ಕೂತೆ.

"ನನ್ನ ನಂಬರಿಂದ ಹೊಸಾ ಅರ್ಜಿ ಹಾಕಿಬಿಡೋಣು," ಎಂದೆ.

"ಒಬ್ಬ ಹುಡುಗಿಗೆ ಒಂದ ಅರ್ಜಿ. ಸೋಮವಾರನ ಈ ನಂಬರಿನ ಮ್ಯಾಲ ಚಾಲೂ ಆಗ್ಯದ. ಬ್ಯಾರೇದು ತಗೊಳ್ಳಂಗಿಲ್ಲ," ಎಂದಳು ನಾಗರತ್ನ.

ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಆ ಪ್ಲಾಸ್ಟಿಕ್ ಚೀಲ ಎದೆಗೆ ಒತ್ತಿಕೊಂಡೇ ಇದ್ದಳು. ಅವಳ ಹಿಂದೆ ಮಲ್ಲಮ್ಮ, "ಆಗಂಗಿಲ್ಲೇನ್ರಿ ಅಕ್ಕೋರ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ನನಗೆ ಖರೆಯಾಗಿ ಹೆದರಿಕೆಯಾಯಿತು. ನಾನೊಬ್ಬ ಚಪ್ಪಾಳೆಯ ಆಸೆಗೆ ಬಿದ್ದು ಈ ಹುಡುಗಿಯನ್ನು ಹೊಲಕ್ಕೆ ಕಳಿಸುತ್ತಿದ್ದೇನೆ ಎನಿಸಿ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಈ ಬೀಗ ತೆಗೆಯುವ ಕೀಲಿ ಇದ್ದದ್ದು ಮೇಡಂ ಒಬ್ಬರ ಹತ್ತಿರವೇ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಮೆಸೇಜು ಬಂತು: "ದೊಡ್ಡ ಸಾಹೇಬರ ಜೋಡಿ ಮೀಟಿಂಗ್‌ನ್ಯಾಗ ಇದ್ದೀನಿ. ನಿಮ್ಮ ಕಳ್ಳನ ವಿಷಯನ ಹೇಳಾಕತ್ತೀನಿ. ನೀವೂ ಬರ್ರಿ!"

ಹೋದೆ. ಪರದೆಯ ಮೇಲೆ ಕಂಪನಿಯ ಮಾಲೀಕರು, ನಾನು ಈ ಮೊದಲು ಫೋಟೋದಲ್ಲಿ ಮಾತ್ರ ನೋಡಿದ್ದವರು, ಮುಗುಳ್ನಗುತ್ತ ಕೂತಿದ್ದರು. ಅವರಿಗೆ ಕನ್ನಡ ಬಾರದು. ಮೇಡಂ ಸಂತೋಷದಿಂದ ಹೇಳಿದರು, "ಬರ್ರಿ ಗುರುನಾಥ್! ಸಾಹೇಬ್ರು ಪೊಲೀಸರಿಗೆ ಪತ್ರ ಬರಿಯೋಣು ಅನ್ನಾಕತ್ತಾರ."

"ಪತ್ರ ಬ್ಯಾಡ್ರಿ ಮೇಡಂ. ಆಸಾಮಿ ಸಿಕ್ಕದ."

"ಅಷ್ಟು ಜಲ್ದಿ? ಎಲ್ಲಿ?"

"ನಮ್ಮ ಮನ್ಯಾಗ."

"ಯಾರ್ರಿ?"

"ನನ್ನ ಹೆಂಡ್ತಿ."

ಮೇಡಂ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ನಿಮ್ಮ ಹೆಂಡ್ತಿ ನಂಬರ್ ನಿಮಗ ಗೊತ್ತಿಲ್ಲ?"

"ಕೊನೆಯ ಎರಡು ಅಂಕಿ ಈಗ ಗೊತ್ತಾಗ್ಯದ್ರಿ."

ಅಷ್ಟರಲ್ಲಿ ನಾಗರತ್ನ ನನ್ನನ್ನು ಕುರ್ಚಿಸಮೇತ ಬದಿಗೆ ಸರಿಸಿ ಕ್ಯಾಮೆರಾದ ಮುಂದೆ ಬಂದಳು. "ನಮಸ್ಕಾರ್ರಿ ಮೇಡಂ. ಆ ಐವತ್ಮೂರು ಮಂದೀ ಒಟಿಪಿ ಓದಿ ಹೇಳೋ ಟೀಚರ್ ನಾನ. ನನ್ನ ಮ್ಯಾಲ ಕೇಸು ಆಮ್ಯಾಲ ಹಾಕ್ರಿ. ಈಗ ನಾಲ್ಕು ಮೂವತ್ತೈದು ಆಗ್ಯದ. ಐದಕ್ಕ ಈ ಹುಡುಗಿ ಹಾಸ್ಟೆಲ್ ಅರ್ಜಿ ಬಂದ್ ಆಗ್ತದ. ಅಷ್ಟರಾಗ ನನ್ನ ನಂಬರ್ ಬಿಡ್ರಿ." ಎಂದು ರೇಣುಕಾಳನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿದಳು.

ಮೇಡಂ ಹುಡುಗಿಯನ್ನು ನೋಡಿದರು. ಕೂಡಲೇ ಟೈಪ್ ಮಾಡತೊಡಗಿದರು. ಟೈಪ್ ಮಾಡುತ್ತಲೇ ಹಿಂದಿಯಲ್ಲಿ ಸಾಹೇಬರಿಗೆ ಎಲ್ಲ ತಿಳಿಸಿದರು. ಆದ್ದರಿಂದ ಸಾಹೇಬರ ನಗು ಒಂದು ನಿಮಿಷ ತಡವಾಗಿ ಬಂತು, ಆದರೆ ಬಂದದ್ದು ನಿಲ್ಲಲೇ ಇಲ್ಲ. "ನಮ್ಮವ್ವನೂ ರಾಯಚೂರಾಗ ಎಲ್ಲಾದಕ್ಕೂ ಎದುರು ಮನಿ ನರ್ಸ್‌ಬಾಯಿ ನಂಬರನ ಕೊಡ್ತಾಳ," ಎಂದರು ಮೇಡಂ. "ನನಗಾದ್ರೂ ಹೊಳೀಬೇಕಿತ್ತು. ಆತು ಅಕ್ಕಾ, ಈಗ ಒತ್ತಿ ನೋಡ್ರಿ."

ನಾಗರತ್ನ ಒತ್ತಿದಳು. ಟಿಂಗ್!

ಅಂಥ ಇಂಪಾದ ಸದ್ದು ನನ್ನ ಜನ್ಮದಲ್ಲಿ ಕೇಳಿಲ್ಲ. ಆರು ಅಂಕಿ ಹೊಡೆದಳು. ಅರ್ಜಿ ತೆರೆಯಿತು. ಆದಾಯ ಪ್ರಮಾಣಪತ್ರದ ಫೋಟೋ ತೆಗೆಯುವಾಗ ನನ್ನ ಅವಸರಕ್ಕೆ ಎರಡು ಸಲ ನನ್ನ ಹೆಬ್ಬೆರಳೇ ಬಂತು. ಮೂರನೆಯ ಸಲ ಫೋನನ್ನು ರೇಣುಕಾ ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನೇ ತೆಗೆದಳು, ಪತ್ರದ ನಾಲ್ಕೂ ಮೂಲೆ ಸ್ಪಷ್ಟ ಕಾಣುವಂತೆ. ನಾಲ್ಕು ಐವತ್ನಾಲ್ಕಕ್ಕೆ ಅರ್ಜಿ ಸ್ವೀಕೃತವಾಗಿದೆ ಎಂದು ಬಂತು. ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಗರತ್ನ ಹುಡುಗಿಯ ತಲೆ ಸವರಿದಳು. ನಾನು ಗೋಡೆಗೆ ಒರಗಿ ಲುಂಗಿ ಸರಿಮಾಡಿಕೊಂಡೆ. ಮೀಟಿಂಗ್ ಇನ್ನೂ ಚಾಲೂ ಇತ್ತೆಂದು ಆಮೇಲೆ ಗೊತ್ತಾಯಿತು.

ಮರುದಿನ ಮೇಡಂ ಕೆಂಪು ಗುಂಡಿ ತೆಗೆಸಿದರು. ಒಂದು ನಂಬರಿನ ಮೇಲೆ ಹಲವು ಖಾತೆ ಇದ್ದರೆ "ಅನುಮಾನಾಸ್ಪದ" ಎಂಬ ಮಾತನ್ನೂ ತೆಗೆಸಿ "ಹಂಚಿಕೊಂಡ ನಂಬರ್" ಎಂದು ಹಾಕಿಸಿದರು. ಡ್ಯಾಶ್‌ಬೋರ್ಡ್ ಈಗ ಚಲೋ ನಡೆಯುತ್ತಿದೆ, ಏಕೆಂದರೆ ಅದರಲ್ಲಿ ನಾನು ಮುಟ್ಟುವಂಥದ್ದು ಏನೂ ಉಳಿದಿಲ್ಲ.

ಎರಡು ವಾರಕ್ಕೆ ಹಾಸ್ಟೆಲಿನ ಪಟ್ಟಿ ಬಂತು. ರೇಣುಕಾಳ ಹೆಸರಿತ್ತು! ಆ ಭಾನುವಾರ ಮಲ್ಲಮ್ಮ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಳು. ಅವಳ ಜೊತೆ ಇನ್ನೂ ನಾಲ್ಕು ಮಂದಿ ಹೆಂಗಸರು ತಂತಮ್ಮ ಒಟಿಪಿ ಕೆಲಸಕ್ಕೆ ಬಂದಿದ್ದರು. ಕಾಕಾ ಹೋಳಿಗೆಯ ವಾಸನೆಗೆ ಬಂದಿದ್ದರು. ಪಡಸಾಲೆ ತುಂಬಿತ್ತು. ಹೋಳಿಗೆ ತಿನ್ನುತ್ತ ನನ್ನ ಮನಸ್ಸು ಕರಗಿತು. ಮಾಡಿದ ತಪ್ಪನ್ನು ತೊಳೆದುಕೊಳ್ಳಬೇಕು ಎನಿಸಿತು. ಎದ್ದು ನಿಂತು ಹೇಳಿದೆ:

"ನೋಡ್ರಿ, ಅಕ್ಕೋರು ಸಾಲಿಗೆ ಹೋದ್ರ ಹಗಲೊತ್ತಿನ್ಯಾಗ ನಿಮಗ ತೊಂದ್ರಿ. ಇನ್ನ ಮ್ಯಾಲ ಎಲ್ಲಾರೂ ನನ್ನ ನಂಬರ್ ಕೊಡ್ರಿ. ನಾನು ದಿನಾ ಮನ್ಯಾಗ ಇರ್ತೀನಿ. ಇದ ನನ್ನ ಉದ್ಯೋಗ. ನಾನು ಓದಿ ಹೇಳ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಲ್ಲಮ್ಮ, ನನಗೆ ಬೇಜಾರಾಗಬಾರದೆಂದು, ಇನ್ನೊಂದು ಹೋಳಿಗೆಯನ್ನು ನನ್ನ ತಾಟಿಗೆ ಹಾಕಿ ಹೇಳಿದಳು.

"ಬ್ಯಾಡ್ರಿ ಸರ್ರ. ನೀವು ಭಾಳ ಓದಿದೋರು, ಖರೇ ಅದ. ಆದ್ರ ಮನ್ಯಾನ ಹೆಂಡ್ತಿ ನಂಬರನ ನಿಮಗ ಗುರ್ತು ಸಿಗಲಿಲ್ಲ. ನಾಳೆ ನಾವು ಬಂದು ನಿಂತ್ರ ಯಾರವ್ವಾ ನೀವು ಅಂತೀರಿ. ಅಕ್ಕೋರ ನಂಬರನ ಇರ್ಲಿ ಬಿಡ್ರಿ."

"ನಂದೂ ಅಲ್ಲೇ ಇರ್ಲಿ ಗುರು," ಎಂದರು ಕಾಕಾ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ.

ಸಂಜೆ ಎಲ್ಲರೂ ಹೋದ ಮೇಲೆ ಗ್ಯಾಸ್ ಬುಕ್ ಮಾಡಲು ಕೂತೆ. ಆ್ಯಪು ನಂಬರ್ ಕೇಳಿತು. ಇಡೀ ಊರೇ ಅವಳ ನಂಬರ್ ಕೊಡುವಾಗ ನಾನೊಬ್ಬ ಯಾಕೆ ಬೇರೆ ಎಂದುಕೊಂಡು ಹೊಡೆಯಲು ಹೋದೆ. ಕೊನೆಯ ನಲವತ್ತೇಳು ಗೊತ್ತಿತ್ತು. ಮೊದಲಿನ ಎಂಟು ಅಂಕಿ ಗೊತ್ತಿರಲಿಲ್ಲ. ಅಡುಗೆಮನೆಗೆ ಹೋಗಿ, "ನಿನ್ನ ನಂಬರ್ ಹೇಳು," ಎಂದೆ.

ನಾಗರತ್ನ ತಿರುಗಿಯೂ ನೋಡಲಿಲ್ಲ. "ಮೊದಲ ನೀವು ಯಾರಂತ ಹೇಳ್ರಿ," ಎಂದಳು.